ಊರ ತೇರಿಗೆ ಡ್ರೋನ್ ಹಾರಿಸಬಹುದಾ? (249 ಗ್ರಾಂ, ಸೋಗಾನೆ ಏರ್‌ಪೋರ್ಟ್ ಹತ್ತಿರ)

ಭದ್ರೆ ದಂಡೆ
ಎಲ್ಲರಿಗೂ ನಮಸ್ಕಾರ. ನಮ್ಮೂರು ಶಿವಮೊಗ್ಗ–ಭದ್ರಾವತಿ ನಡುವೆ ಬರುತ್ತೆ. ಬರೋ ತಿಂಗಳು ರಥೋತ್ಸವ. ನನ್ನ ಹತ್ರ ಡ್ರೋನ್ ಇರೋದು ಗೊತ್ತಾಗಿ ದೇವಸ್ಥಾನದ ಸಮಿತಿಯವರು, ತೇರು ಎಳೆಯೋದನ್ನ ಮೇಲಿಂದ ಶೂಟ್ ಮಾಡಿಕೊಡು, ಖರ್ಚಿಗೆ ಅಂತ ಐದು ಸಾವಿರ ಕೊಡ್ತೀವಿ ಅಂದಿದ್ದಾರೆ. ಡ್ರೋನ್ ಡಿಜೆಐ ಮಿನಿ, 249 ಗ್ರಾಂ. 2023ರಲ್ಲಿ ಅಣ್ಣ ಅಮೆರಿಕದಿಂದ ಬರುವಾಗ ತಂದುಕೊಟ್ಟಿದ್ದು.

250 ಗ್ರಾಂ ಒಳಗಿದ್ದರೆ ಲೈಸೆನ್ಸ್ ಏನೂ ಬೇಡ ಅಂತ ಎಲ್ಲರೂ ಹೇಳ್ತಾರೆ. ಹಾಗಾದ್ರೆ ಧೈರ್ಯವಾಗಿ ಹಾರಿಸಬಹುದಾ? ಶಿವಮೊಗ್ಗದ ಸೋಗಾನೆ ಏರ್‌ಪೋರ್ಟ್ ಗೂಗಲ್ ಮ್ಯಾಪಲ್ಲಿ ಒಂಬತ್ತು ಕಿಲೋಮೀಟರ್ ತೋರಿಸುತ್ತೆ. ಇಷ್ಟು ದಿನ ಗದ್ದೆ ಮೇಲೆ ಹಾರಿಸಿದಾಗ ಆ್ಯಪ್ ಯಾವತ್ತೂ ತಡೆದಿಲ್ಲ. ಆದ್ರೆ ತೇರಿನ ದಿನ ಸಾವಿರಾರು ಜನ ಸೇರ್ತಾರೆ, ಅದಕ್ಕೇ ಕೇಳಿಕೊಂಡೇ ಮುಂದುವರಿಯೋಣ ಅಂತ.

ಫ್ರೇಮ್ ಬೈ ಫ್ರೇಮ್, ದಾವಣಗೆರೆ
ಹಾರಿಸಿ ಸರ್. ಮದುವೆ, ಜಾತ್ರೆ, ಗೃಹಪ್ರವೇಶ, ಎಲ್ಲಾ ಕಡೆ ಹಾರಿಸ್ತಾರೆ. ನ್ಯಾನೊಗೆ, ಅಂದ್ರೆ 250 ಗ್ರಾಂ ಒಳಗಿನ ಡ್ರೋನಿಗೆ, ಯಾರೂ ಏನೂ ಕೇಳಲ್ಲ.

ರಿಮೋಟ್ ಪೈಲಟ್, ಬೆಂಗಳೂರು
ನಾನು ತರಬೇತಿ ಕೊಡುವವನು. ದಯವಿಟ್ಟು ಮೇಲಿನ ಮಾತು ನಂಬಿ ಹೊರಡಬೇಡಿ. ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದಿ.

ಈಗ ಜಾರಿಯಲ್ಲಿರೋದು 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು. ಅದರ ಪ್ರಕಾರ 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕೆಜಿವರೆಗೆ ಮೈಕ್ರೊ, 25 ಕೆಜಿವರೆಗೆ ಸ್ಮಾಲ್, 150 ಕೆಜಿವರೆಗೆ ಮೀಡಿಯಂ, ಅದಕ್ಕೂ ಮೇಲೆ ಲಾರ್ಜ್. ನ್ಯಾನೊಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಡ, ಟೈಪ್ ಸರ್ಟಿಫಿಕೇಟ್ (ಡ್ರೋನಿನ ಆ ಮಾದರಿಗೆ ಸಿಗುವ ಒಪ್ಪಿಗೆ ಪತ್ರ) ಬೇಡ, ಥರ್ಡ್ ಪಾರ್ಟಿ ವಿಮೆಯೂ ಕಡ್ಡಾಯವಲ್ಲ. ಇಷ್ಟು ನಿಜ. ಜನ ಇಷ್ಟನ್ನೇ ಕೇಳಿಸಿಕೊಂಡು ಮುಂದಿನದನ್ನು ಬಿಡ್ತಾರೆ. ಆಕಾಶದ ವಲಯದ ನಿಯಮದಲ್ಲಿ ನ್ಯಾನೊಗೆ ಒಂದು ಗ್ರಾಂನಷ್ಟೂ ರಿಯಾಯಿತಿ ಇಲ್ಲ.

ಸರ್ಕಾರದ ಡಿಜಿಟಲ್ ಸ್ಕೈ ಎಂಬ ಆನ್‌ಲೈನ್ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ಅಂತ ಮೂರು ಬಣ್ಣ ಇದೆ. ಹಸಿರಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ ಯಾರನ್ನೂ ಕೇಳಬೇಕಿಲ್ಲ. ಆದರೆ ವಿಮಾನ ನಿಲ್ದಾಣದ 8ರಿಂದ 12 ಕಿಲೋಮೀಟರ್ ನಡುವಿನ ಪಟ್ಟಿಯಲ್ಲಿ ಹಸಿರು ಅನ್ನೋದು 200 ಅಡಿಗೇ, 60 ಮೀಟರಿಗೇ ಮುಗಿಯುತ್ತೆ. ಅದರ ಮೇಲೆ ಹಳದಿ, ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಅನುಮತಿ ಬೇಕು. 8 ಕಿಲೋಮೀಟರ್ ಒಳಗೆ ಬಂದರೆ ನೆಲದಿಂದಲೇ ಹಳದಿ, ಇನ್ನೂ ಹತ್ತಿರವಾದರೆ ಕೆಂಪು. ಕೆಂಪಿಗೆ ಕೇಂದ್ರ ಸರ್ಕಾರವೇ ಒಪ್ಪಬೇಕು.

ಇನ್ನೊಂದು ವಿಷಯ. ಈ ದೂರವನ್ನು ಅಳೆಯೋದು ನಿಲ್ದಾಣದ ಸುತ್ತುಗೋಡೆಯಿಂದ. ಗೂಗಲ್ ಮ್ಯಾಪಲ್ಲಿ ನೀವು ನೋಡಿದ ಒಂಬತ್ತು ಕಿಲೋಮೀಟರ್ ಟರ್ಮಿನಲ್ ಕಟ್ಟಡದ ಗುರುತಿನಿಂದ, ಅದೂ ರಸ್ತೆ ದೂರ ಇದ್ದರೆ ಇನ್ನೂ ತಪ್ಪು. ಸೋಗಾನೆ ರನ್‌ವೇ ಮೂರು ಕಿಲೋಮೀಟರಿಗೂ ಉದ್ದ ಇದೆ. ನಿಮ್ಮೂರು ರನ್‌ವೇಯ ಯಾವ ತುದಿಯ ಕಡೆಗಿದೆ ಅನ್ನೋದರ ಮೇಲೆ ಲೆಕ್ಕ ಪೂರ್ತಿ ಬದಲಾಗುತ್ತೆ. ವಿಮಾನ ತೀರಾ ಕೆಳಗೆ ಬರೋದೂ ಆ ತುದಿಗಳ ನೇರಕ್ಕೇ. ಇವತ್ತೇ ಡಿಜಿಟಲ್ ಸ್ಕೈ ನಕ್ಷೆ ತೆಗೆದು, ದೇವಸ್ಥಾನದ ಮೇಲೆ ಬೆರಳಿಟ್ಟು ನೋಡಿ.

ಕುಡ್ಲದ ಗಾಳಿ
ನಮ್ಮ ಮಂಗಳೂರಿನ ಬಜ್ಪೆ ಏರ್‌ಪೋರ್ಟ್ ಕಡೆಯಲ್ಲೂ ಇದೇ ಕತೆ ಮಾರಾಯ್ರೆ. ಊರಲ್ಲಿ ಹುಟ್ಟಿ ಬೆಳೆದವರಿಗೆ ತಮ್ಮ ಮನೆ ಯಾವ ಬಣ್ಣದಲ್ಲಿ ಉಂಟು ಅಂತ ಗೊತ್ತಿಲ್ಲ. ಶಿವಮೊಗ್ಗದವರಿಗಂತೂ ಇದು ಹೊಸತು. 2023ರ ಫೆಬ್ರವರಿ 27ಕ್ಕೆ ನಿಲ್ದಾಣ ಉದ್ಘಾಟನೆ ಆದದ್ದು. ಅದಕ್ಕೆ ಮೊದಲು ಹಾರಿಸಿ ಅಭ್ಯಾಸ ಇದ್ದವರು ಈಗಲೂ ಅದೇ ಧೈರ್ಯದಲ್ಲಿ ಮೇಲೆ ಬಿಡ್ತಾರೆ.

ಪಸಡೀನಾ ಕನ್ನಡಿಗ
ಆ್ಯಪ್ ತಡೆದಿಲ್ಲ ಅಂದಿರಲ್ಲ, ಅದರ ಬಗ್ಗೆ ಒಂದು ಮಾತು. ಆ್ಯಪಿನೊಳಗಿನ ನಕ್ಷೆ ಕಂಪನಿಯದು, ಸರ್ಕಾರದ್ದಲ್ಲ. ಇಲ್ಲಿ ಅಮೆರಿಕದಲ್ಲಿ 2025ರ ಜನವರಿಯಲ್ಲಿ ಡಿಜೆಐ ತನ್ನ ಕಡ್ಡಾಯ ತಡೆಯನ್ನೇ ತೆಗೆದುಹಾಕಿ ಬರೀ ಎಚ್ಚರಿಕೆ ತೋರಿಸೋ ಹಾಗೆ ಮಾಡಿತು. ಆ್ಯಪ್ ಸುಮ್ಮನಿದೆ ಅಂದಮಾತ್ರಕ್ಕೆ ಅನುಮತಿ ಇದೆ ಅಂತ ಆಗಲ್ಲ.

ಅದೇ ತಿಂಗಳು ಲಾಸ್ ಏಂಜಲೀಸ್‌ನಲ್ಲಿ ಪ್ಯಾಲಿಸೇಡ್ಸ್ ಕಾಡ್ಗಿಚ್ಚು ಹೊತ್ತಿಕೊಂಡಾಗ ನಡೆದದ್ದು ನಿಮಗೆ ಹೇಳಲೇಬೇಕು. ಬೆಂಕಿ ಆರಿಸೋಕೆ ಕೆನಡಾದಿಂದ ಬಂದಿದ್ದ ನೀರು ಸುರಿಯುವ ವಿಮಾನಕ್ಕೆ ಜನವರಿ 9ರಂದು ಒಂದು ಡ್ರೋನ್ ಹೊಡೀತು. ಎಡ ರೆಕ್ಕೆಯಲ್ಲಿ ಸುಮಾರು ಮೂರು ಇಂಚು ಅಗಲ, ಆರು ಇಂಚು ಉದ್ದದ ತೂತು. ಪೈಲಟ್‌ಗಳು ಕ್ಷೇಮವಾಗಿ ಇಳಿಸಿದರು, ಆದರೆ ಮನೆಗಳು ಉರೀತಿರುವಾಗ ಆ ವಿಮಾನ ರಿಪೇರಿಗೆ ನಿಂತಿತು. ಹಾರಿಸಿದವನು ಸಾಂಟಾ ಮೋನಿಕಾದ ಒಂದು ಪಾರ್ಕಿಂಗ್ ಕಟ್ಟಡದ ಮೇಲಿಂದ ಬಿಟ್ಟು, ಬೆಂಕಿ ನೋಡೋಕೆ ಎರಡೂವರೆ ಕಿಲೋಮೀಟರ್ ದೂರ ಕಳಿಸಿ, ಡ್ರೋನ್ ಕಣ್ಣಿಗೆ ಕಾಣದ ಹಾಗೆ ಮಾಡಿಕೊಂಡಿದ್ದ. ಅದು ಯಾವ ಡ್ರೋನ್ ಗೊತ್ತಾ? ಡಿಜೆಐ ಮಿನಿ 3 ಪ್ರೊ. 250 ಗ್ರಾಂ ಒಳಗಿನದು. ಕೋರ್ಟಲ್ಲಿ ತಪ್ಪೊಪ್ಪಿಕೊಂಡ. ರಿಪೇರಿಗೆ ತಗುಲಿದ 65 ಸಾವಿರ ಡಾಲರಿಗೂ ಹೆಚ್ಚು ಹಣ ಕಟ್ಟಿಕೊಡೋಕೂ 150 ಗಂಟೆ ಸಮುದಾಯ ಸೇವೆ ಮಾಡೋಕೂ ಒಪ್ಪಬೇಕಾಯ್ತು.

ಚಿಕ್ಕದು ಅಂತ ಹಗುರವಾಗಿ ತಗೋಬೇಡಿ ಅಂತ ಇದನ್ನ ಬರೆದೆ.

ಭದ್ರೆ ದಂಡೆ
ಇದು ನನಗೆ ಗೊತ್ತೇ ಇರಲಿಲ್ಲ. ನಕ್ಷೆ ರಾತ್ರಿ ನೋಡಿ ಹೇಳ್ತೀನಿ. ಸಮಿತಿಯವರು ಐದು ಸಾವಿರ ಕೊಡೋದರಿಂದ ಏನಾದ್ರೂ ವ್ಯತ್ಯಾಸ ಆಗುತ್ತಾ?

ಕರಿಕೋಟು
ವಕೀಲನಾಗಿ ಉತ್ತರಿಸುತ್ತೇನೆ. ನ್ಯಾನೊ ಆದರೆ ದುಡ್ಡು ತಗೊಂಡರೂ ಪೈಲಟ್ ಸರ್ಟಿಫಿಕೇಟ್ ಬೇಡ. ಮೈಕ್ರೊ ಆದರೆ ಹವ್ಯಾಸಕ್ಕೆ ಬೇಡ, ದುಡ್ಡಿಗೆ ಬೇಕು. "ಖರ್ಚಿಗೆ" ಅಂತ ಹೆಸರಿಟ್ಟು ಕೊಟ್ಟರೂ ಅದು ದುಡ್ಡೇ.

ಈಗ ನಿಮ್ಮ ಡ್ರೋನ್ ನಿಜವಾಗಿ ನ್ಯಾನೊ ಹೌದಾ ಅಂತ ನೋಡಿಕೊಳ್ಳಿ. ತೂಕ ಅಂದರೆ ಹಾರುವಾಗ ಅದರ ಮೇಲಿರುವ ಎಲ್ಲವೂ ಸೇರಿ. ಹೆಚ್ಚು ಹೊತ್ತು ಹಾರಲಿ ಅಂತ ದೊಡ್ಡ ಬ್ಯಾಟರಿ ಹಾಕಿದರೆ 250 ದಾಟುತ್ತದೆ. ರೆಕ್ಕೆಗೆ ಸುತ್ತು ಕಾಪು ಹಾಕಿದರೂ ದಾಟುತ್ತದೆ. ಜನರ ಸುರಕ್ಷತೆಗೆ ಅಂತ ಕಾಪು ಹಾಕಿದವನು ಕಾನೂನಿನ ಕಣ್ಣಲ್ಲಿ ಮೈಕ್ರೊ ಪೈಲಟ್ ಆಗಿಬಿಡುತ್ತಾನೆ. ಇದು ನಿಯಮದಲ್ಲಿರುವ ನಿಜವಾದ ಕೊರತೆ, ಸರಿಯಾಗಬೇಕು.

ಆದರೆ ನಿಮ್ಮ ವಿಷಯದಲ್ಲಿ ದೊಡ್ಡ ತೊಡಕು ಬೇರೆ ಇದೆ. ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) 2022ರ ಫೆಬ್ರವರಿ 9ರಂದು ಸಿದ್ಧ ಡ್ರೋನ್‌ಗಳ ಆಮದನ್ನೇ ನಿಷೇಧಿಸಿದೆ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ. ಬಿಡಿಭಾಗ ತರಿಸಬಹುದು, ಪೂರ್ತಿ ಡ್ರೋನ್ ಅಥವಾ ಜೋಡಿಸುವ ಕಿಟ್ ತರುವಂತಿಲ್ಲ. ಅಣ್ಣ 2023ರಲ್ಲಿ ಸೂಟ್‌ಕೇಸಲ್ಲಿ ತಂದದ್ದು ಈ ನಿಷೇಧದ ನಂತರ. ಹಳೆಯ ಡ್ರೋನ್‌ಗಳಿಗೆ ನೋಂದಣಿಯ ದಾರಿ ಒಂದಿತ್ತು, ಅದೂ 2021ರ ನವೆಂಬರ್ 30ರೊಳಗೆ ದೇಶಕ್ಕೆ ಬಂದು, ಜಿಎಸ್‌ಟಿ ಬಿಲ್ ಇದ್ದವಕ್ಕೆ. ನಿಮ್ಮದಕ್ಕೆ ಕಸ್ಟಮ್ಸ್ ರಸೀದಿಯೂ ಇರಲಾರದು. ನಾಳೆ ಜಾತ್ರೆಯಲ್ಲಿ ಏನಾದರೂ ಆಗಿ ಪೊಲೀಸರು ವಶಕ್ಕೆ ತಗೊಂಡರೆ, ಮೊದಲು ಕೇಳುವುದು ಇದರ ಬಿಲ್ ಎಲ್ಲಿ ಅಂತ.

ಡ್ರೋನ್ ನಿಯಮ ಮುರಿದದ್ದಕ್ಕೆ ದಂಡ ಒಂದು ಲಕ್ಷದವರೆಗೆ ಇದೆ. ಯಾರಿಗಾದರೂ ಗಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ, ಅಂದರೆ ನಿರ್ಲಕ್ಷ್ಯದಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದದ್ದು, ಅದೂ ಸೇರುತ್ತದೆ. ಜಿಲ್ಲಾಡಳಿತ ಮೊದಲೇ ಡ್ರೋನ್ ನಿಷೇಧದ ಆದೇಶ ಹೊರಡಿಸಿದ್ದರೆ 223ನೇ ಕಲಂ ಕೂಡ.

ಫ್ರೇಮ್ ಬೈ ಫ್ರೇಮ್, ದಾವಣಗೆರೆ
ವಕೀಲರೇ, ಇದನ್ನ ಓದಿ ನಮ್ಮಂಥವರು ಏನ್ ಮಾಡಬೇಕು ಹೇಳಿ. ಮೇಲೆ ನಾನು ಹಾರಿಸಿ ಅಂದದ್ದು ಬೇಜವಾಬ್ದಾರಿಯಿಂದಲ್ಲ, ಫೀಲ್ಡಲ್ಲಿ ನಡೀತಿರೋದೇ ಅದು. ಮದುವೆ ಬುಕ್ ಮಾಡೋಕೆ ಬರೋ ಮನೆಯವರ ಮೊದಲ ಪ್ರಶ್ನೆ, ಡ್ರೋನ್ ಇದೆಯಾ? ಇಲ್ಲ ಅಂದ್ರೆ ಎದ್ದು ಹೋಗ್ತಾರೆ. ಕಾನೂನು ಪ್ರಕಾರ ಹೋಗೋಣ ಅಂದ್ರೆ ಟೈಪ್ ಸರ್ಟಿಫಿಕೇಟ್ ಇರೋ ಡ್ರೋನ್ ತಗೋಬೇಕು. ಅವು ಹೆಚ್ಚಿನವು ಸರ್ವೆಗೆ, ಔಷಧ ಸಿಂಪಡಣೆಗೆ ಮಾಡಿದವು. ಒಳ್ಳೆ ಕ್ಯಾಮೆರಾ ಇರೋ, ಮದುವೆ ಛತ್ರದ ಅಂಗಳದಲ್ಲಿ ಹಾರಿಸೋಕಾಗೋ ಸಣ್ಣ ಡ್ರೋನ್ ನಮ್ಮ ಕೈಗೆಟುಕೋ ಬೆಲೆಗೆ ಎಲ್ಲಿದೆ? ತರಬೇತಿಗೆ ಮೂವತ್ತು–ನಲವತ್ತು ಸಾವಿರ ಬೇರೆ. ಸಣ್ಣ ಊರಿನ ಸ್ಟುಡಿಯೋ ಇಷ್ಟು ಭಾರ ಹೊರೋಕಾಗುತ್ತಾ?

ನಾವು ಪಾಲಿಸೋಕೆ ತಯಾರಿದ್ದೀವಿ. ಪಾಲಿಸೋಕಾಗೋ ದಾರಿ ಇರಲಿ ಅಂತ ಮಾತ್ರ ಕೇಳ್ತಿದ್ದೀವಿ.

ರಿಮೋಟ್ ಪೈಲಟ್, ಬೆಂಗಳೂರು
ನಿಮ್ಮ ಮಾತು ಒಪ್ಪುವಂಥದ್ದೇ. ಸರ್ಟಿಫಿಕೇಟ್ ಮಟ್ಟಿಗೆ ಕಷ್ಟ ಕಡಿಮೆಯಾಗಿದೆ. 2022ರ ಫೆಬ್ರವರಿಯಿಂದ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಲೈಸೆನ್ಸ್ ಇಲ್ಲ, ಅನುಮತಿ ಪಡೆದ ತರಬೇತಿ ಸಂಸ್ಥೆಯೇ ಕೊಡುವ ಸರ್ಟಿಫಿಕೇಟ್ ಸಾಕು. 18ರಿಂದ 65 ವಯಸ್ಸು, ಹತ್ತನೇ ತರಗತಿ ಪಾಸು. 2023ರಲ್ಲಿ ಪಾಸ್‌ಪೋರ್ಟ್ ಬೇಕೆನ್ನೋದನ್ನೂ ತೆಗೆದರು, ಸರ್ಕಾರಿ ಗುರುತಿನ ಚೀಟಿ, ವಿಳಾಸದ ದಾಖಲೆ ನಡೆಯುತ್ತೆ. ಹತ್ತು ವರ್ಷ ಊರ್ಜಿತ. ಹಳ್ಳಿ ಹುಡುಗರು, ಹೆಣ್ಣುಮಕ್ಕಳು ಬಂದು ಚೆನ್ನಾಗಿ ಕಲಿತು ಹೋಗ್ತಿದ್ದಾರೆ.

ಸಿಕ್ಕಿಹಾಕಿಕೊಂಡಿರೋದು ಡ್ರೋನ್ ಸಿಗದ ಕಡೆ. ಆಮದು ನಿಂತಿತು, ಇಲ್ಲಿ ಆ ಜಾಗ ತುಂಬುವ ಕ್ಯಾಮೆರಾ ಡ್ರೋನ್ ಸಾಕಷ್ಟು ಬರಲಿಲ್ಲ. ಅದರಿಂದ ಕಳ್ಳದಾರಿಯ ಮಾರುಕಟ್ಟೆ ಬೆಳೀತು. 2025ರ ಸೆಪ್ಟೆಂಬರಲ್ಲಿ ಸರ್ಕಾರ ಹೊಸ ಡ್ರೋನ್ ಮಸೂದೆಯ ಕರಡನ್ನು ಅಭಿಪ್ರಾಯಕ್ಕೆ ಬಿಟ್ಟಾಗ ಅದರಲ್ಲಿ ಜೈಲು ಶಿಕ್ಷೆಯ ಪ್ರಸ್ತಾಪವೂ ಇತ್ತು, ಉದ್ಯಮದವರು ವಿರೋಧ ಮಾಡಿದ್ರು. ಶಿಕ್ಷೆ ಹೆಚ್ಚಿಸಿದರೆ ಮದುವೆ ವಿಡಿಯೋದವರು ಇನ್ನಷ್ಟು ಮರೆಗೆ ಹೋಗ್ತಾರೆ, ಅಪಘಾತವಾದಾಗ ಯಾರೂ ಬಾಯಿ ಬಿಡಲ್ಲ ಅನ್ನೋದು ನನ್ನ ಆತಂಕ. ಈಗಿನ ನಿಯಮದಲ್ಲೂ ಅಪಘಾತವಾದ 48 ಗಂಟೆಯೊಳಗೆ ವರದಿ ಮಾಡಬೇಕು ಅಂತಿದೆ. ನೋಂದಣಿಯೇ ಇಲ್ಲದ ಡ್ರೋನಿನವನು ವರದಿ ಮಾಡ್ತಾನಾ?

ಆದರೆ ಈ ಕೊರತೆ ಸರಿಹೋಗೋವರೆಗೆ ಜನರ ತಲೆ ಮೇಲೆ ಹಾರಿಸೋದು ಮಾತ್ರ ಯಾವ ಲೆಕ್ಕದಲ್ಲೂ ಸರಿಯಲ್ಲ. 30 ಮೀಟರ್ ಎತ್ತರದಿಂದ ಮೋಟರ್ ನಿಂತು ಬಿದ್ದರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದಾಗ ನೆಲ ಮುಟ್ಟುವ ಹೊತ್ತಿಗೆ ವೇಗ ಗಂಟೆಗೆ 85 ಕಿಲೋಮೀಟರ್ ದಾಟುತ್ತೆ. ಗಾಳಿ ಸ್ವಲ್ಪ ತಡೀಬಹುದು, ಆದರೂ ಕೆಳಗಿರೋದು ಅಪ್ಪನ ಹೆಗಲ ಮೇಲೆ ಕೂತ ಮಗುವಿನ ತಲೆ.

ಸೋನೆಮಳೆ, ಸಾಗರ
ಬೀಳೋದರ ಬಗ್ಗೆ ಎಲ್ಲರೂ ಮಾತಾಡ್ತಿದ್ದೀರಿ. ನಾನು ಬೇರೆ ವಿಷಯ ಹೇಳ್ತೀನಿ.

ಹೋದ ವರ್ಷ ನಮ್ಮ ಹತ್ತಿರದ ಒಂದು ಜಾತ್ರೆಯಲ್ಲಿ ಅವಭೃತ ಸ್ನಾನದ ದಿನ ಹೊಳೆ ಮೇಲೆ ಡ್ರೋನ್ ಬಂತು. ಗಂಡಸರು ದೇವರ ಪಲ್ಲಕ್ಕಿ ಹಿಡಿದು ಒಂದು ಕಡೆ, ಹೆಂಗಸರು ಕೆಳಗಿನ ಮೆಟ್ಟಿಲಲ್ಲಿ ಮಿಂದು ಒದ್ದೆ ಸೀರೆಯಲ್ಲಿ ನಿಂತಿದ್ವಿ. ಡ್ರೋನ್ ನಮ್ಮ ಮೇಲೇ ಬಂದು ನಿಂತಿತು. ನನ್ನ ಅತ್ತೆ ಸೆರಗು ತಲೆ ಮೇಲೆ ಎಳೆದುಕೊಂಡು ಕೂತೇಬಿಟ್ಟರು. ಹಾರಿಸಿದವರು ಯಾರು, ಎಲ್ಲಿ ನಿಂತಿದ್ದಾರೆ ಅಂತ ಹುಡುಕೋಕೇ ಆಗಲಿಲ್ಲ. ವಾರದ ನಂತರ ಆ ವಿಡಿಯೋ ಯೂಟ್ಯೂಬಲ್ಲಿ ಇತ್ತು. ತೆಗೆಸೋಕೆ ಊರಿನ ನಾಲ್ಕು ಜನ ಹಿರಿಯರ ಕೈಯಲ್ಲಿ ಹೇಳಿಸಬೇಕಾಯ್ತು.

ತೇರಿನ ವಿಡಿಯೋ ಮಾಡುವವರು ಕೆಟ್ಟ ಉದ್ದೇಶದವರಲ್ಲ ಅಂತ ಗೊತ್ತು. ಆದ್ರೆ ಮೇಲಿಂದ ಕ್ಯಾಮೆರಾ ನೋಡುವಾಗ ಕೆಳಗಿನವರಿಗೆ ಅದು ಏನನ್ನ ನೋಡ್ತಿದೆ ಅಂತ ಗೊತ್ತಾಗಲ್ಲ. ಕೈಯಲ್ಲಿ ಕ್ಯಾಮೆರಾ ಹಿಡಿದವನಿಗಾದ್ರೆ ಬೇಡಪ್ಪಾ ಅಂತ ಹೇಳಬಹುದು.

ಕರಿಕೋಟು
ನೀವು ಹೇಳಿದ್ದು ಕಾನೂನಿನಲ್ಲೂ ಗಂಭೀರ. ಹೆಣ್ಣುಮಕ್ಕಳು ಖಾಸಗಿಯಾಗಿರುವ ಹೊತ್ತಲ್ಲಿ ನೋಡುವುದು, ಚಿತ್ರ ತೆಗೆಯುವುದು ನ್ಯಾಯ ಸಂಹಿತೆಯ 77ನೇ ಕಲಂ ಅಡಿ ಅಪರಾಧ. ಖಾಸಗಿ ಅಂಗಗಳ ಚಿತ್ರ ಒಪ್ಪಿಗೆಯಿಲ್ಲದೆ ತೆಗೆದರೆ, ಹಂಚಿದರೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಇ ಕಲಂ. ಬಯಲಿನ ಸ್ನಾನಘಟ್ಟದಲ್ಲಿ ಈ ಕಲಂಗಳು ಎಷ್ಟರಮಟ್ಟಿಗೆ ಅನ್ವಯ ಎಂಬುದು ಪ್ರತಿ ಪ್ರಕರಣದಲ್ಲೂ ವಾದದ ವಿಷಯವಾಗುತ್ತದೆ, ಆದರೆ ದೂರು ಕೊಡಲು ನಿಮಗೆ ಪೂರ್ತಿ ಆಧಾರವಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲೇ. ಸಮಿತಿಯವರೇ ಡ್ರೋನ್ ಕರೆಸಿದ್ದರೆ ಅವರ ಹೊಣೆಯೂ ಬರುತ್ತದೆ. ಸ್ನಾನಘಟ್ಟದ ಮೇಲೆ ಹಾರಾಟ ಇಲ್ಲ ಅಂತ ಬರೆದುಕೊಟ್ಟು, ಮೈಕಲ್ಲೂ ಹೇಳಿಸಿ.

ತೊಗರಿ ನಾಡು, ಕಲಬುರಗಿ
ನಮ್ಮ ಕಡೆ ತೊಗರಿಗೆ ಕಾಯಿಕೊರಕದ ಔಷಧ ಹೊಡ್ಯಾಕ ಡ್ರೋನ್ ಬಂದಾವ್ರಿ. ಹೂವಿಗೆ ಬಂದ ತೊಗರಿ ಆಳೆತ್ತರ ಬೆಳದಿರ್ತದ, ಬೆನ್ನಿಗೆ ಪಂಪ್ ಕಟ್ಟಿಕೊಂಡು ಒಳಗ ಹೋದ್ರ ಔಷಧ ಎಲ್ಲಾ ಮುಖದ ಮ್ಯಾಲೇ ಬೀಳ್ತದ. ಡ್ರೋನ್ ಬಂದ ಮ್ಯಾಲ ಆ ತ್ರಾಸು ತಪ್ಪೇದ. ನಮ್ಮ ತಂಗಿ ಸ್ವಸಹಾಯ ಸಂಘದಾಗ ನಮೋ ಡ್ರೋನ್ ದೀದಿ ಅನ್ನೋ ಸರ್ಕಾರಿ ಯೋಜನಾದ ಟ್ರೇನಿಂಗ್ ತಗೊಂಡಾಳ. ಅದಕ್ಕ ಬರೀ ಕ್ಯಾಮೆರಾ ಡ್ರೋನ್ ಬಗ್ಗೆ ಮಾತಾಡಬ್ಯಾಡ್ರಿ, ಹಳ್ಳಿಯೊಳಗ ನಾಳೆ ಹೆಚ್ಚು ಹಾರೋದು ಇವೇ.

ಹತ್ತು ಲೀಟರ್ ಟ್ಯಾಂಕ್ ತುಂಬಿದ್ರ ಒಟ್ಟು ತೂಕ 25 ಕೆಜಿ ಹತ್ತಿರ ಹೋಗ್ತದ. ಅದು ಹೊಲದ ಮ್ಯಾಲಿನ ಕರೆಂಟ್ ತಂತಿಗೆ ತಗಲಿದ್ರ ಏನಾಗ್ತದ ವಿಚಾರ ಮಾಡ್ರಿ. ತಂತಿ ದೂರದಿಂದ ಕಣ್ಣಿಗೆ ಕಾಣಂಗಿಲ್ಲ. ತಂಗಿ ಹಾರಿಸೋಕಿಂತ ಮೊದಲ ಹೊಲದ ಸುತ್ತ ನಡದು, ಕಂಬ ಎಲ್ಲೆಲ್ಲಿ ಅದಾವ ಅಂತ ಲೆಕ್ಕಾ ಹಾಕ್ತಾಳ, ಕಂಬ ಕಂಡ್ರ ತಂತಿ ಯಾವ ಕಡೆ ಹೋಗ್ತದ ತಿಳೀತದ. ಕಟ್ಟಿಮ್ಯಾಲ ಹುಡುಗ್ರು ನೋಡ್ಲಿಕ್ಕೆ ಬಂದು ನಿಂತಿರ್ತಾರ, ಅವ್ರನ್ನ ದೂರ ಕಳಿಸೋದ ದೊಡ್ಡ ಕೆಲಸ. ಊದಿದ ಬ್ಯಾಟರಿ ಆಕಿ ಮುಟ್ಟಂಗೇ ಇಲ್ಲ.

ರೇಷ್ಮೆಗೂಡು, ಶಿಡ್ಲಘಟ್ಟ
ತೊಗರಿ ನಾಡಿನವರೇ, ನಿಮ್ಮ ತಂಗಿ ಅಷ್ಟು ಜೋಪಾನ ಮಾಡೋದು ಕೇಳಿ ಸಂತೋಷ. ಎಲ್ಲರೂ ಹಾಗಿಲ್ಲ. ನಮ್ಮ ಹಿಪ್ಪುನೇರಳೆ ತೋಟದ ಪಕ್ಕದ ಜಮೀನಲ್ಲಿ ತರಕಾರಿಗೆ ಡ್ರೋನಲ್ಲಿ ಔಷಧ ಹೊಡೆಸಿದ್ರು. ಬೆಳಗ್ಗೆ ಹತ್ತು ಗಂಟೆ ಮೇಲೆ, ಗಾಳಿ ಎದ್ದ ಹೊತ್ತು. ಆ ಹನಿ ಎಷ್ಟು ಸಣ್ಣದು ಅಂದ್ರೆ ಬಿಸಿಲಿಗೆ ಹಿಡಿದು ನೋಡಿದ್ರೆ ಮಂಜಿನ ಥರ ನಮ್ಮ ತೋಟದ ಕಡೆ ತೇಲಿ ಬರೋದು ಕಾಣ್ತಿತ್ತು. ಸಂಜೆ ಆ ಸೊಪ್ಪು ಕೊಯ್ದು ಹಾಕಿದ್ವಿ. ಮರುದಿನ ಹುಳ ತಲೆ ಎತ್ತಿ ಒದ್ದಾಡೋಕೆ ಶುರು, ಬಾಯಲ್ಲಿ ಹಸಿರು ನೀರು. ಕೊನೇ ಜ್ವರ (ಪೊರೆ ಕಳಚೋ ಹಂತ) ಎದ್ದ ಹುಳ, ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕಿತ್ತು. ಪೂರ್ತಿ ಬೆಳೆ ತಿಪ್ಪೆಗೆ.

ರೇಷ್ಮೆ ಹುಳಕ್ಕೆ ಕೀಟನಾಶಕ ಒಂಚೂರು ಸೋಕಿದ್ರೂ ತಡೆಯಲ್ಲ. ಕೈಪಂಪಲ್ಲಿ ಹೊಡೆದ್ರೂ ಹಾರುತ್ತೆ, ಒಪ್ಪಿದೆ. ಆದ್ರೆ ಡ್ರೋನ್ ಹೊಡೆಯೋದು ಕಡಿಮೆ ನೀರಲ್ಲಿ ಗಟ್ಟಿ ಔಷಧ, ಸಣ್ಣ ಹನಿ, ಅದೂ ಮೇಲಿಂದ. ಹೊಡೆಸುವ ಮೊದಲು ಒಂದು ಫೋನ್ ಮಾಡಿದ್ದರೆ ಎರಡು ದಿನದ ಸೊಪ್ಪು ಮುಂಚೆಯೇ ಕೊಯ್ದಿಟ್ಟುಕೊಳ್ತಿದ್ವಿ. ಇದಕ್ಕೆ ಪರಿಹಾರ ಯಾರು ಕೊಡ್ತಾರೆ ವಕೀಲರೇ?

ಕರಿಕೋಟು
ನಿಮ್ಮ ನಷ್ಟ ಓದಿ ಬೇಸರವಾಯಿತು. ನ್ಯಾನೊ ಬಿಟ್ಟು ಉಳಿದೆಲ್ಲ ಡ್ರೋನ್‌ಗಳಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಮೋಟಾರು ವಾಹನ ಕಾಯ್ದೆಯ ವಿಮೆ–ಪರಿಹಾರದ ನಿಯಮಗಳೇ ಡ್ರೋನ್‌ಗೂ ಅನ್ವಯ ಅಂತ ಡ್ರೋನ್ ನಿಯಮದಲ್ಲಿದೆ. ಆದ್ದರಿಂದ ಮೊದಲು ಕೇಳಬೇಕಾದ್ದು ಡ್ರೋನಿನ ನೋಂದಣಿ ಸಂಖ್ಯೆ ಮತ್ತು ಪಾಲಿಸಿ ಪ್ರತಿ. ಪಾಲಿಸಿಯಲ್ಲಿ ರಾಸಾಯನಿಕ ಹರಡಿದ ನಷ್ಟ ಸೇರಿದೆಯೋ ಹೊರಗಿಟ್ಟಿದ್ದಾರೋ ನೋಡಬೇಕು, ಅನೇಕರು ಇದನ್ನು ಓದುವುದೇ ಇಲ್ಲ. ವಿಮೆ ಕೊಡದಿದ್ದರೂ ಸಿಂಪಡಿಸಿದವನ ಮತ್ತು ಮಾಡಿಸಿದವನ ಮೇಲೆ ಸಿವಿಲ್ ದಾವೆ ಹೂಡಬಹುದು.

ಮುಂದೆ ಯಾರಿಗೂ ಹೀಗಾಗದಿರಲಿ, ಹಾಗೇನಾದರೂ ಆದರೆ ಅದೇ ದಿನ ಮಾಡಬೇಕಾದ ಕೆಲಸ: ಸತ್ತ ಹುಳ ಮತ್ತು ಸೊಪ್ಪಿನ ಮಾದರಿ ಎತ್ತಿಡಿ, ರೇಷ್ಮೆ ಇಲಾಖೆಯವರನ್ನು ಕರೆಸಿ ಬರವಣಿಗೆಯಲ್ಲಿ ವರದಿ ತಗೊಳ್ಳಿ, ಮಹಜರು ಮಾಡಿಸಿ. ತಿಪ್ಪೆಗೆ ಹಾಕಿದ ಮೇಲೆ ಸಾಕ್ಷ್ಯ ಉಳಿಯುವುದಿಲ್ಲ. ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಡ್ರೋನ್ ಸಿಂಪಡಣೆಗೆ ಕಾರ್ಯವಿಧಾನ ಹೊರಡಿಸಿದೆ, ಸುತ್ತಮುತ್ತಲಿನವರಿಗೆ ಮುಂಚಿತವಾಗಿ ತಿಳಿಸಬೇಕೆಂಬುದು ಅದರಲ್ಲೂ ಇದೆ. ತಿಳಿಸದೆ ಹೊಡೆದದ್ದು ನಿಮ್ಮ ವಾದಕ್ಕೆ ಬಲ.

ತೊಗರಿ ನಾಡು, ಕಲಬುರಗಿ
ತಂಗಿಗೆ ಇದನ್ನ ಓದಿ ಹೇಳಿದೆರಿ. ಪಾಲಿಸಿ ತಗದು ನೋಡ್ತೀನಿ ಅಂದಾಳ. ನಮ್ಮ ಕಡೆ ರೇಷ್ಮೆ ಕಡಿಮಿ, ಜೇನುಪೆಟ್ಟಿಗೆ ಇಟ್ಟವ್ರು ಅದಾರ. ಅವ್ರಿಗೂ ಹೇಳಿ ಹೊಡೀಬೇಕು.

ಭದ್ರೆ ದಂಡೆ
ನಕ್ಷೆ ನೋಡಿದೆ. ದೇವಸ್ಥಾನ ಹಳದಿಯಲ್ಲಿ ಬರುತ್ತೆ. ಸುತ್ತುಗೋಡೆಯಿಂದ ನೇರ ಅಳೆದ್ರೆ 8 ಕಿಲೋಮೀಟರ್ ಒಳಗೇ ಇದೆ. ಊರಿನ ಆಚೆ ತುದಿ, ನಮ್ಮ ಗದ್ದೆ ಇರೋ ಕಡೆ ಹಸಿರು. ಅದಕ್ಕೇ ಇಷ್ಟು ದಿನ ತೊಂದರೆ ಕಾಣಲಿಲ್ಲ ಅನ್ಸುತ್ತೆ.

ಸಮಿತಿ ಅಧ್ಯಕ್ಷರ ಹತ್ರ ಹೋಗಿ ನನ್ನ ಡ್ರೋನ್ ಹಾರಿಸೋದಿಲ್ಲ ಅಂತ ಹೇಳಿ ಬಂದೆ. ಅವರು ಬೇಜಾರು ಮಾಡಿಕೊಂಡ್ರು, ಪಕ್ಕದೂರಿನ ತೇರಲ್ಲಿ ಹಾರಿಸಿದ್ರಲ್ಲ ಅಂತ. ಸಾಗರದವರ ಸ್ನಾನಘಟ್ಟದ ಮಾತು ಹೇಳಿದ ಮೇಲೆ ಸುಮ್ಮನಾದ್ರು. ಈಗ ಅನುಮತಿ ಇರೋ ಆಪರೇಟರ್ ಕರೆಸೋಣ, ಎಟಿಸಿಗೂ ಅರ್ಜಿ ಹಾಕಿಸೋಣ ಅಂತ ಒಪ್ಪಿದ್ದಾರೆ. ಆಪರೇಟರ್ ಬಂದಾಗ ಏನೇನು ಕೇಳಬೇಕು, ಎಲ್ಲಿಂದ ಹಾರಿಸೋಕೆ ಹೇಳಬೇಕು?

ರಿಮೋಟ್ ಪೈಲಟ್, ಬೆಂಗಳೂರು
ಒಳ್ಳೇದಾಯ್ತು. ಆಪರೇಟರ್ ಹತ್ರ ಡ್ರೋನಿನ ನೋಂದಣಿ ಸಂಖ್ಯೆ, ಪೈಲಟ್ ಸರ್ಟಿಫಿಕೇಟ್, ವಿಮೆ ಪಾಲಿಸಿ, ಎಟಿಸಿ ಅನುಮತಿ, ಎಲ್ಲದರ ಪ್ರತಿ ತಗೊಂಡು ಒಂದು ಸೆಟ್ ಠಾಣೆಗೆ ಕೊಡಿ. ಬರೀ ಕೆಲಸ ಒಪ್ಪಿಸಿದವರು ಅಂತ ಸಮಿತಿ ತಪ್ಪಿಸಿಕೊಳ್ಳೋಕಾಗಲ್ಲ. ಹಿಂದಿನ ದಿನ ಇನ್ನೊಮ್ಮೆ ಪೊಲೀಸರನ್ನ ವಿಚಾರಿಸಿ. ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಯಾವ ಜಾಗವನ್ನಾದರೂ 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಅಂತ ಘೋಷಿಸಬಹುದು. ಗಣ್ಯರು ಬರೋ ಜಾತ್ರೆಗಳಲ್ಲಿ ಇದು ಆಗುತ್ತೆ.

ಜಾಗದ ವಿಷಯ. ತೇರಿನ ನೇರ ಮೇಲೆ ಯಾವ ಕಾರಣಕ್ಕೂ ಬೇಡ. ಕಳಸಕ್ಕೆ ಜನ ಬಾಳೆಹಣ್ಣು ಎಸೀತಾರಲ್ಲ, ಒಂದು ಹಣ್ಣು ರೆಕ್ಕೆಗೆ ತಾಗಿದರೆ ಸಾಕು. ರಥಬೀದಿಯ ಪಕ್ಕದ ಖಾಲಿ ಗದ್ದೆ ಅಥವಾ ಶಾಲೆ ಮೈದಾನ ಹಗ್ಗ ಕಟ್ಟಿ ಖಾಲಿ ಇಡಿಸಿ, ಡ್ರೋನ್ ಅದರ ಮೇಲೇ ಇದ್ದುಕೊಂಡು ಓರೆಯಾಗಿ ತೇರನ್ನ ತೆಗೀಲಿ. ಎಷ್ಟು ಎತ್ತರ ಏರುತ್ತೋ ಜನರಿಂದ ಕನಿಷ್ಠ ಅಷ್ಟು ದೂರ ಇರಲಿ. ನೇರ ಮೇಲಿನ ಶಾಟ್ ಬೇಕೇ ಬೇಕು ಅಂದ್ರೆ ಮುಂಜಾನೆ, ಸಿಂಗಾರವಾದ ತೇರು ನಿಂತಿರುವಾಗ, ಬೀದಿ ಖಾಲಿ ಇರುವಾಗ ತೆಗೀಲಿ. ನೋಡೋಕೆ ಅದೇ ಚೆನ್ನಾಗಿರುತ್ತೆ, ಬೆಳಕೂ ಚೆನ್ನ.

ಸಾವಿರಾರು ಫೋನ್ ಸೇರಿದ ಜಾಗದಲ್ಲಿ ರಿಮೋಟಿಗೂ ಡ್ರೋನಿಗೂ ನಡುವಿನ 2.4 ಗಿಗಾಹರ್ಟ್ಸ್ ಸಿಗ್ನಲ್ ಗಲಾಟೆಯಾಗಿ ಸಂಪರ್ಕ ಕಡಿದುಹೋಗಬಹುದು. ಕಡಿದರೆ ಡ್ರೋನ್ ತಾನಾಗಿ ಮೇಲೇರಿ ಹೊರಟ ಜಾಗಕ್ಕೆ ವಾಪಸ್ ಬರುತ್ತೆ. ಆ ಏರುವ ಎತ್ತರ ತೆಂಗಿನಮರ, ಗೋಪುರ, ತಂತಿಗಿಂತ ಮೇಲಿರಬೇಕು, ಎಟಿಸಿ ಕೊಟ್ಟ ಮಿತಿಗಿಂತ ಕೆಳಗಿರಬೇಕು. ಹಾರಿಸುವ ಮೊದಲು ಆ ಅಂಕಿಯನ್ನ ಪೈಲಟ್ ನಿಮಗೆ ತೋರಿಸಲಿ. ಪೈಲಟ್ ಪಕ್ಕ ಬರೀ ಆಕಾಶ ನೋಡೋಕೆ ಒಬ್ಬರು ಇರಲಿ, ಹೆಲಿಕಾಪ್ಟರ್ ಅಥವಾ ವಿಮಾನದ ಸದ್ದು ಬಂದ ಕೂಡಲೇ ಇಳಿಸಬೇಕು. ದಾರಿ ಬಿಡಬೇಕಾದ್ದು ಯಾವಾಗಲೂ ಡ್ರೋನೇ.

ಕುಡ್ಲದ ಗಾಳಿ
ಒಂದು ಬಿಟ್ಟುಹೋಯ್ತು. ಗೋಪುರದಲ್ಲಿ, ಹತ್ತಿರದ ಅರಳಿಮರದಲ್ಲಿ ಹೆಜ್ಜೇನು ಉಂಟಾ ನೋಡಿ. ಜೇನುಗೂಡಿನ ಹತ್ತಿರ ಡ್ರೋನ್ ಹೋಗಿ ಜೇನು ಎದ್ದರೆ ಆ ಜನಜಂಗುಳಿಯಲ್ಲಿ ಓಡ್ಲಿಕ್ಕೆ ಜಾಗ ಇರುವುದಿಲ್ಲ.

ಭದ್ರೆ ದಂಡೆ
ಇದೆ. ರಾಜಗೋಪುರದ ಪಶ್ಚಿಮ ಬದಿಗೆ ಎರಡು ಗೂಡು.

ರಿಮೋಟ್ ಪೈಲಟ್, ಬೆಂಗಳೂರು
ಹಾಗಾದರೆ ಪಶ್ಚಿಮದ ಕಡೆ ಡ್ರೋನ್ ಹೋಗಲೇಬಾರದು. ಶಾಲೆ ಮೈದಾನ ಯಾವ ದಿಕ್ಕಿಗಿದೆ?

ಭದ್ರೆ ದಂಡೆ
ಪೂರ್ವಕ್ಕೆ. ತೇರು ಹೊರಡೋದೂ ಪೂರ್ವಕ್ಕೇ. ಮೈದಾನಕ್ಕೆ ಹಗ್ಗ ಕಟ್ಟಿಸೋಕೆ ಹೆಡ್‌ಮಾಸ್ಟರ್ ಒಪ್ಪಿದ್ದಾರೆ, ಅರ್ಜಿ ನಾಳೆ ಬರೆದುಕೊಡ್ತೀನಿ.